ನೋವು ಕೇಳುವ ವಿದ್ಯೆ: ಎಲ್ಲಿ ಕಲಿಯಬೇಕು, ಎಷ್ಟು ಖರ್ಚಾಗುತ್ತದೆ?

ಮನೆಯಲ್ಲಿ ಅಕಾಲ ಸಾವು, ಗಂಡ ಹೆಂಡಿರ ಜಗಳ, ಮಗನ ಕುಡಿತ, ಮಗಳ ಕಣ್ಣಿಗೆ ಹತ್ತದ ನಿದ್ದೆ. ಇಂಥ ಸಂಕಟ ಬಂದಾಗ ನಮ್ಮ ಜನ ಮೊದಲು ಹೋಗುವುದು ಮನೋವೈದ್ಯರ ಬಳಿಗಲ್ಲ. ದೇವಸ್ಥಾನದ ಅರ್ಚಕರು, ಮಠದ ಸ್ವಾಮಿಗಳು, ದರ್ಗಾದ ಹಿರಿಯರು, ಚರ್ಚಿನ ಫಾದರ್, ಹೀಗೆ ತಾವು ನಂಬಿದವರ ಬಳಿಗೆ ಹೋಗುತ್ತಾರೆ. ನಂಬಿದವರ ಮುಂದೆ ಬಾಯಿ ಬಿಡುವುದು ಮನುಷ್ಯನ ಸ್ವಭಾವ. ಕೇಳುವವರಿಗೆ ಕೇಳುವ ವಿದ್ಯೆ ಗೊತ್ತಿದ್ದರೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ಗಾಯ ಇನ್ನಷ್ಟು ಆಳವಾಗುವುದೂ ಉಂಟು.

ಧಾರ್ಮಿಕ ನಂಬಿಕೆಯ ನೆಲೆಯಲ್ಲಿ ನಿಂತು, ಜೊತೆಗೆ ಮನಃಶಾಸ್ತ್ರದ ತರಬೇತಿಯನ್ನೂ ಪಡೆದು, ನೊಂದವರ ಮಾತಿಗೆ ಕಿವಿಯಾಗುವ ಕೆಲಸಕ್ಕೆ ‘ಪಾಸ್ಟೊರಲ್ ಕೌನ್ಸೆಲಿಂಗ್’ ಎಂದು ಹೆಸರು. ಪಾಸ್ಟರ್ ಎಂಬುದು ಕುರಿಗಾಹಿ ಎಂಬ ಅರ್ಥದ ಲ್ಯಾಟಿನ್ ಪದ. ಕ್ರೈಸ್ತ ಸಭೆಗಳಲ್ಲಿ ಅದು ಸಭಾಪಾಲಕರಿಗೆ ಸಲ್ಲುವ ಹೆಸರಾಯಿತು. ಇಂದು ಈ ವಿದ್ಯೆ ಕಲಿಯಬಯಸುವವರು ಪಾದ್ರಿಗಳಾಗಲು ಹೊರಟವರಷ್ಟೇ ಅಲ್ಲ. ‘ನಾಲ್ಕು ಜನರಿಗೆ ಉಪಯೋಗವಾಗುವ ಕೆಲಸ ಮಾಡಬೇಕು’ ಎನ್ನುವ ಸಾಮಾನ್ಯ ಮನೆಯ ಹುಡುಗ ಹುಡುಗಿಯರೂ ಇದ್ದಾರೆ. ಅವರ ಹಿಂದೆ ಸಂಬಳದ ದಿನ ಎಣಿಸುವ ತಂದೆ ತಾಯಿ ಇದ್ದಾರೆ. ‘ಒಳ್ಳೆಯ ಕೆಲಸವೇ ಸರಿ, ಆದರೆ ಹೊಟ್ಟೆಪಾಡಿಗೆ ಆದೀತೇ? ಇಷ್ಟು ದುಡ್ಡು ಸುರಿದು ಪಡೆದ ಪದವಿಗೆ ಬೆಲೆ ಇದೆಯೇ?’ ಎಂಬ ಅವರ ಪ್ರಶ್ನೆ ಸಹಜವಾದದ್ದು.

ಈ ಪ್ರಶ್ನೆಗೆ ಉತ್ತರ ಶುಲ್ಕದ ಪಟ್ಟಿಯಲ್ಲಿ ಸಿಗುವುದಿಲ್ಲ. ಶುಲ್ಕ ಕಡಿಮೆ ಇದ್ದ ಮಾತ್ರಕ್ಕೆ ಪದವಿ ಅಗ್ಗವಲ್ಲ. ಯಾವ ಪದವಿ ಬೇಕಾದ ಕೆಲಸದ ಬಾಗಿಲನ್ನು ನಿಜವಾಗಿ ತೆರೆಯುತ್ತದೆಯೋ, ಆ ಕೆಲಸವನ್ನು ಅನುಭವಿಗಳ ಕಣ್ಣೆದುರು ಮಾಡಿಸಿ ಕಲಿಸುತ್ತದೆಯೋ, ಮನೆಯ ಮೇಲೆ ತೀರಿಸಲಾಗದ ಸಾಲ ಹೊರಿಸುವುದಿಲ್ಲವೋ, ಅದೇ ಕೈಗೆಟುಕುವ ಪದವಿ.

ಆಸ್ಪತ್ರೆಯಲ್ಲಿ ಹುಟ್ಟಿದ ಪಾಠ

ಈ ವಿದ್ಯೆಯ ಹುಟ್ಟಿನ ಕಥೆ ತಿಳಿದರೆ ಕಾಲೇಜಿನ ಆಯ್ಕೆ ಸುಲಭವಾಗುತ್ತದೆ. ಆಂಟನ್ ಬೋಯ್ಸನ್ ಅಮೆರಿಕದ ಒಬ್ಬ ಧರ್ಮಬೋಧಕರು. 1920ರಲ್ಲಿ ಅವರೇ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾಗಿ ಆಸ್ಪತ್ರೆ ಸೇರಬೇಕಾಯಿತು. ಗುಣವಾಗಿ ಬಂದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಧರ್ಮಬೋಧಕರಾಗಿ ಸೇರಿದರು. 1925ರ ಬೇಸಿಗೆಯಲ್ಲಿ ದೈವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದು ರೋಗಿಗಳ ನಡುವೆಯೇ ತರಬೇತಿ ಆರಂಭಿಸಿದರು. ಗ್ರಂಥಗಳನ್ನು ಓದಿದಂತೆಯೇ ಬದುಕಿರುವ ಮನುಷ್ಯರನ್ನೂ ಓದಬೇಕು ಎಂಬುದು ಅವರ ನಿಲುವು.

ಇಂದು ಆಸ್ಪತ್ರೆಗಳಲ್ಲಿ ನಡೆಯುವ ‘ಕ್ಲಿನಿಕಲ್ ಪಾಸ್ಟೊರಲ್ ಎಜುಕೇಷನ್’ ಎಂಬ ತರಬೇತಿಗೆ ಮೂಲ ಅದೇ. ಅಮೆರಿಕದಲ್ಲಿ ಇದರ ಒಂದು ಘಟಕಕ್ಕೆ 400 ಗಂಟೆಗಳ ಕಲಿಕೆ ಬೇಕು. ವಿದ್ಯಾರ್ಥಿ ರೋಗಿಯೊಡನೆ ಆಡಿದ ಮಾತನ್ನು ನೆನಪಿನಿಂದ ಮಾತು ಮಾತಾಗಿ ಬರೆದು ಗುರುಗಳ ಮತ್ತು ಸಹಪಾಠಿಗಳ ಮುಂದೆ ಇಡಬೇಕು. ಎಲ್ಲಿ ಅವಸರದಿಂದ ಬುದ್ಧಿ ಹೇಳಿದೆ, ಎಲ್ಲಿ ರೋಗಿಯ ಕಣ್ಣೀರಿಗೆ ಹೆದರಿ ಮಾತು ತಿರುಗಿಸಿದೆ ಎಂಬುದು ಆಗ ಬಯಲಾಗುತ್ತದೆ. ಈ ಕಲಿಕೆ ಪುಸ್ತಕದಿಂದ ಬರುವಂಥದ್ದಲ್ಲ.

ಆಪ್ತಸಮಾಲೋಚನೆಯ ಜಗತ್ತಿನಲ್ಲಿ ದೊಡ್ಡ ಹೆಸರಾದ ಕಾರ್ಲ್ ರೋಜರ್ಸ್ ಕೂಡ ಮೊದಲು ಸೇರಿದ್ದು ನ್ಯೂಯಾರ್ಕಿನ ಒಂದು ದೈವಶಾಸ್ತ್ರ ಕಾಲೇಜನ್ನೇ. ಎರಡು ವರ್ಷಗಳ ಬಳಿಕ ಅದನ್ನು ಬಿಟ್ಟು ಮನಃಶಾಸ್ತ್ರದ ಕಡೆಗೆ ಹೊರಳಿದರು. ಉಪದೇಶ ಮಾಡದೆ, ತೀರ್ಪು ಕೊಡದೆ, ಎದುರಿನವರನ್ನು ಇದ್ದಂತೆಯೇ ಒಪ್ಪಿಕೊಂಡು ಕೇಳುವುದು ಅವರು ಬೆಳೆಸಿದ ಪದ್ಧತಿಯ ತಿರುಳು. ಧರ್ಮದ ಓದು ಮತ್ತು ಮನಸ್ಸಿನ ಓದು ಎರಡೂ ಅಕ್ಕಪಕ್ಕದ ಹೊಲಗಳು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ನಮ್ಮ ನೆಲದ ಅಗತ್ಯ

ಇದು ಪರದೇಶದ ಸಂಗತಿ, ನಮಗೇಕೆ ಎನ್ನುವಂತಿಲ್ಲ. ಬೆಂಗಳೂರಿನಲ್ಲಿ 1960ರ ದಶಕದಲ್ಲಿಯೇ ‘ಮೆಡಿಕೊ ಪಾಸ್ಟೊರಲ್ ಅಸೋಸಿಯೇಷನ್’ ಎಂಬ ಸಂಸ್ಥೆ ಹುಟ್ಟಿತು. ವೈದ್ಯರೂ ಧರ್ಮಗುರುಗಳೂ ಕೈಜೋಡಿಸಬೇಕು ಎಂಬ ಆಶಯ ಅದರ ಹೆಸರಿನಲ್ಲಿಯೇ ಇದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮಾನಸಿಕ ರೋಗಿಗಳು ಮತ್ತೆ ಸಂಸಾರಕ್ಕೆ ಹೊಂದಿಕೊಳ್ಳುವವರೆಗೆ ಉಳಿದುಕೊಳ್ಳುವ ತಂಗುಮನೆಯನ್ನು ಅದು ನಡೆಸಿಕೊಂಡು ಬಂದಿದೆ.

2002ರಲ್ಲಿ ನಿಮ್ಹಾನ್ಸ್ ವೈದ್ಯರ ಒಂದು ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಬಂದು ತಂಗಿದ 31 ಮಂದಿ ಮಾನಸಿಕ ರೋಗಿಗಳನ್ನು ಅವರು ಗಮನಿಸಿದ್ದರು. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಹತ್ತಿರ ಹತ್ತಿರ ಶೇ 20ರಷ್ಟು ಇಳಿದಿದ್ದವು. ಬೈಗುಳ, ಸಂಕೋಲೆ ಇಲ್ಲದ, ಆದರದ ವಾತಾವರಣಕ್ಕೂ ಒಂದು ಶಕ್ತಿ ಇದೆ ಎಂಬುದು ಅದರಿಂದ ತಿಳಿಯಿತು. ಇದಕ್ಕೆ ತದ್ವಿರುದ್ಧವಾದದ್ದು 2001ರ ಆಗಸ್ಟ್ 6ರಂದು ಅದೇ ರಾಜ್ಯದ ಏರ್ವಾಡಿಯಲ್ಲಿ ನಡೆಯಿತು. ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಸತ್ತರು. ನಂಬಿಕೆ ಅರಸಿ ಬಂದವರು ತಿಳಿವಳಿಕೆ ಇಲ್ಲದವರ ಕೈಗೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ತರಬೇತಿ ಪಡೆದ ಕಿವಿಗಳ ಕೊರತೆ ಎಷ್ಟಿದೆ ಎಂಬುದನ್ನು ಇದರಿಂದ ಊಹಿಸಬಹುದು.

ಮೂರು ದಾರಿಗಳು

ವಿದ್ಯಾರ್ಥಿ ಮೊದಲು ಕೇಳಿಕೊಳ್ಳಬೇಕಾದ್ದು ‘ಯಾವ ಕಾಲೇಜು?’ ಎಂದಲ್ಲ, ‘ಯಾರ ನಡುವೆ ಕೆಲಸ ಮಾಡಬೇಕೆಂದಿದ್ದೇನೆ?’ ಎಂದು. ಅದಕ್ಕೆ ತಕ್ಕಂತೆ ಕರ್ನಾಟಕದ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ದೈವಶಾಸ್ತ್ರದ ದಾರಿ. ಸಭಾಪಾಲಕರಾಗಿ, ಮಿಷನ್ ಆಸ್ಪತ್ರೆಯ ಚಾಪ್ಲಿನ್ ಆಗಿ, ಚರ್ಚಿನ ಸೇವಾಸಂಸ್ಥೆಗಳಲ್ಲಿ ಕೆಲಸ ಮಾಡಬಯಸುವವರಿಗೆ ಇದು ಸರಿಯಾದದ್ದು. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ ಪರಂಪರೆಯನ್ನು ಮುಂದುವರಿಸಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇವು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್‌ಗೆ ಸೇರಿದವು. ಇಲ್ಲಿನ ಮೂಲ ಪದವಿ ಬಿ.ಡಿ. ಪದವೀಧರರಿಗೆ ಸಾಮಾನ್ಯವಾಗಿ ನಾಲ್ಕು ವರ್ಷದ ಓದು. ಅದರ ಮೇಲೆ ಎರಡು ವರ್ಷದ ಎಂ.ಟಿಎಚ್. ಮಾಡುವಾಗ ಪಾಲನೆ ಮತ್ತು ಆಪ್ತಸಮಾಲೋಚನೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶವುಂಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ ಆಸ್ಪತ್ರೆಗಳಲ್ಲಿ ಚಾಪ್ಲಿನ್ ತರಬೇತಿಯೂ ನಡೆಯುತ್ತದೆ.

ಎರಡನೆಯದು ಮನಃಶಾಸ್ತ್ರದ ದಾರಿ. ಶಾಲೆ, ಆಸ್ಪತ್ರೆ, ಸಹಾಯವಾಣಿ, ಖಾಸಗಿ ಸಮಾಲೋಚನಾ ಕೇಂದ್ರಗಳಲ್ಲಿ ಎಲ್ಲ ಮತದವರ ನಡುವೆ ಕೆಲಸ ಮಾಡಬೇಕೆನ್ನುವವರಿಗೆ ಇದು ಒಪ್ಪುತ್ತದೆ. ಮನಃಶಾಸ್ತ್ರವನ್ನು ಒಂದು ವಿಷಯವಾಗಿ ಓದಿ ಬಿ.ಎ. ಅಥವಾ ಬಿ.ಎಸ್ಸಿ., ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ. ಕರ್ನಾಟಕಕ್ಕೆ ಇದು ಹೊಸ ವಿಷಯವಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನಃಶಾಸ್ತ್ರ ವಿಭಾಗ ಆರಂಭವಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ತೆರೆದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಅಲ್ಲಿನ ಮನಃಶಾಸ್ತ್ರ ಪ್ರಾಧ್ಯಾಪಕರೇ. ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ, ಪಿಯುಸಿ ನಂತರ ಐದು ವರ್ಷಗಳಲ್ಲಿ ಈ ದಾರಿ ಮುಗಿಯುತ್ತದೆ.

ಮೂರನೆಯದು ಸಮಾಜಕಾರ್ಯದ ದಾರಿ, ಅಂದರೆ ಎಂ.ಎಸ್.ಡಬ್ಲ್ಯು. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷವಾಗಿ ಓದಿದವರು ಆಸ್ಪತ್ರೆಗಳಲ್ಲಿಯೂ ಸ್ವಯಂಸೇವಾ ಸಂಸ್ಥೆಗಳಲ್ಲಿಯೂ ಆಪ್ತಸಮಾಲೋಚಕರಾಗಿ ದುಡಿಯುತ್ತಾರೆ. ವಾರದಲ್ಲಿ ನಿಗದಿತ ದಿನ ಕ್ಷೇತ್ರಕಾರ್ಯಕ್ಕೆ ಹೋಗುವುದು ಇಲ್ಲಿ ಪಠ್ಯದ ಭಾಗ. ಮನಃಶಾಸ್ತ್ರದ ಸ್ನಾತಕೋತ್ತರ ಪದವಿಗೆ ಅನೇಕ ಕಡೆ ಪದವಿಯಲ್ಲಿ ಅದೇ ವಿಷಯ ಓದಿರಬೇಕೆಂಬ ನಿಯಮವಿದೆ. ಎಂ.ಎಸ್.ಡಬ್ಲ್ಯು.ಗೆ ಸಾಮಾನ್ಯವಾಗಿ ಯಾವುದೇ ಪದವಿ ಇದ್ದರೆ ಸಾಕು. ಬಿ.ಕಾಂ. ಮುಗಿಸಿದ ಮೇಲೆ ಮನಸ್ಸು ಈ ಕಡೆ ಹೊರಳಿದವರಿಗೆ ಇದು ಉಳಿದಿರುವ ಒಳ್ಳೆಯ ಬಾಗಿಲು. ಇನ್ನೂ ಪಿಯುಸಿಯಲ್ಲಿರುವವರು ಮಾತ್ರ ಪದವಿಯ ವಿಷಯಗಳನ್ನು ಆರಿಸುವಾಗಲೇ ಮುಂದಿನ ಹೆಜ್ಜೆಯನ್ನು ಯೋಚಿಸುವುದು ಒಳಿತು.

ಪದವಿ ಕೊಡುವ ಅಧಿಕಾರ ಯಾರಿಗೆ?

ಯುಜಿಸಿ ಕಾಯ್ದೆ, 1956ರ 22ನೆಯ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಸೆರಾಂಪುರದ ಸಂಗತಿ ಸ್ವಲ್ಪ ಬೇರೆ. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಕಟ್ಟಿದ ಆ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ಕೊಡುವ ಸನ್ನದು ನೀಡಿದ್ದ. ಆಗ ಸೆರಾಂಪುರ ಡೇನರ ಆಡಳಿತದಲ್ಲಿತ್ತು. 1918ರ ಸೆರಾಂಪುರ ಕಾಲೇಜು ಕಾಯ್ದೆ ಆ ಅಧಿಕಾರಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ಚರ್ಚುಗಳಲ್ಲಿ ಈ ಪದವಿಗೆ ದೊಡ್ಡ ಮಾನ್ಯತೆ ಇದೆ. ಆದರೆ ಬಿ.ಡಿ. ಆಧಾರದ ಮೇಲೆ ಸರ್ಕಾರಿ ನೌಕರಿ ಅಥವಾ ಬೇರೆ ವಿಶ್ವವಿದ್ಯಾಲಯದ ಪ್ರವೇಶ ಬಯಸುವವರು ಆಯಾ ಕಡೆ ಮುಂಚಿತವಾಗಿ ಲಿಖಿತ ಉತ್ತರ ಪಡೆಯಬೇಕು.

ಇವೆರಡಕ್ಕೂ ಸೇರದ ಮೂರನೆಯ ಬಗೆಯ ಸಂಸ್ಥೆಗಳೂ ಇವೆ. ಬಾಡಿಗೆ ಕಟ್ಟಡ, ಮಿರುಗುವ ಮಾಹಿತಿ ಪುಸ್ತಕ, ಕೇಳರಿಯದ ‘ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ’ದ ಹೆಸರು, ಆರು ತಿಂಗಳಲ್ಲಿ ಡಾಕ್ಟರೇಟು! ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಆಗಾಗ ಪ್ರಕಟಿಸುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸವಿದ್ದ ಒಂದು ಸಂಸ್ಥೆಯ ಹೆಸರೂ ಅದರಲ್ಲಿ ಅನೇಕ ವರ್ಷ ಕಾಣಿಸಿಕೊಂಡಿತ್ತು. ಹಣ ಕಟ್ಟುವ ಮೊದಲು ಈ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಪದವಿ ಬೇರೆ, ವೃತ್ತಿಯ ಪರವಾನಗಿ ಬೇರೆ ಎಂಬುದನ್ನೂ ತಿಳಿದಿರಬೇಕು. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಫಲಕ ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಶಿಕ್ಷಣ ಮತ್ತು ಅದರ ನೋಂದಣಿ ಬೇಕು. ಬರಿಯ ಎಂ.ಎ. ಅಥವಾ ಎಂ.ಎಸ್ಸಿ. ಮನಃಶಾಸ್ತ್ರ ಅದಕ್ಕೆ ಸಾಲದು. ಬಹುಕಾಲ ಅದಕ್ಕೆ ಹೆದ್ದಾರಿಯಾಗಿದ್ದ ಎಂ.ಫಿಲ್. ಪದವಿಯನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿತು. ಆದರೆ ಈ ವಿಷಯಕ್ಕೆ 2025–26ರವರೆಗೆ ಪ್ರವೇಶಕ್ಕೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಪ್ರವೇಶ ಪಡೆಯುವ ವರ್ಷದಲ್ಲಿ ಪರಿಷತ್ತು ಯಾವ ಯಾವ ಪದವಿಗಳನ್ನು ಒಪ್ಪಿದೆ ಎಂಬ ಪಟ್ಟಿಯನ್ನು ನೋಡಲೇಬೇಕು. ಇನ್ನುಳಿದ ಮನಃಶಾಸ್ತ್ರಜ್ಞರು, ಆಸ್ಪತ್ರೆಯ ಸಮಾಜಕಾರ್ಯಕರ್ತರು ಮತ್ತು ಕೆಲವು ಬಗೆಯ ಆಪ್ತಸಮಾಲೋಚಕರನ್ನು 2021ರ ಆರೋಗ್ಯ ಸಹವರ್ತಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ವ್ಯಾಪ್ತಿಗೆ ತಂದಿದೆ.

ಅಮೆರಿಕದಲ್ಲಿಯೂ ‘ಪಾಸ್ಟೊರಲ್ ಕೌನ್ಸೆಲರ್’ ಎಂಬ ಹೆಸರಿಗೇ ಪರವಾನಗಿ ಕೊಡುವುದು ಕೆಲವೇ ರಾಜ್ಯಗಳು. ಉಳಿದ ಕಡೆ ಸಾಮಾನ್ಯ ಆಪ್ತಸಮಾಲೋಚಕರ ಪರವಾನಗಿಯನ್ನೇ ಪಡೆಯಬೇಕು. 1963ರಲ್ಲಿ ಅಲ್ಲಿ ಸ್ಥಾಪನೆಯಾದ ಪಾಸ್ಟೊರಲ್ ಕೌನ್ಸೆಲರ್‌ಗಳ ಸಂಘ 2019ರಲ್ಲಿ ಚಾಪ್ಲಿನ್ ತರಬೇತಿಯ ಸಂಘದೊಡನೆ ವಿಲೀನವಾಯಿತು. ಪರದೇಶದ ಆನ್‌ಲೈನ್ ಪದವಿಗೆ ಲಕ್ಷಾಂತರ ರೂಪಾಯಿ ಕಟ್ಟಲು ಹೊರಡುವವರು ಇದನ್ನು ಗಮನಿಸಬೇಕು.

ಅಂಚೆ ಶಿಕ್ಷಣದ ಬಾಗಿಲು

ಬಡ ವಿದ್ಯಾರ್ಥಿಗಳಿಗೆ, ಕೆಲಸದಲ್ಲಿದ್ದವರಿಗೆ, ಮಕ್ಕಳನ್ನು ಬೆಳೆಸುತ್ತ ಓದುವ ತಾಯಂದಿರಿಗೆ ಮನಃಶಾಸ್ತ್ರದಲ್ಲಿ ಅತಿ ಅಗ್ಗದ ದಾರಿಯಾಗಿದ್ದದ್ದು ದೂರಶಿಕ್ಷಣ. ಅದು ಈಗ ಬದಲಾಗಿದೆ. ಮನಃಶಾಸ್ತ್ರವೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ಹಲವು ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಕೂಡದು, 2025ರ ಜುಲೈ–ಆಗಸ್ಟ್‌ನಿಂದ ಹೊಸ ಪ್ರವೇಶ ಕೊಡಕೂಡದು ಎಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಮನುಷ್ಯರ ಎದುರು ಕುಳಿತು ಕಲಿಯಬೇಕಾದ ವಿದ್ಯೆಯನ್ನು ಅಂಚೆಯಲ್ಲಿ ಕಲಿಸಲಾಗದು ಎಂಬುದು ಇದರ ಹಿಂದಿನ ವಿಚಾರ. ಆದರೆ ಊರು ಬಿಟ್ಟು ಹೋಗಲಾಗದವರಿಗೆ ಇದು ದೊಡ್ಡ ಹೊಡೆತ ಎಂಬುದೂ ಅಷ್ಟೇ ನಿಜ. ಹಳೆಯ ಮಾಹಿತಿ ಪುಸ್ತಕ ಹಿಡಿದು ‘ಮನೆಯಲ್ಲೇ ಕುಳಿತು ಎಂ.ಎ. ಮನಃಶಾಸ್ತ್ರ’ ಎಂದು ಯಾರಾದರೂ ಕರೆದರೆ, ಈ ಸೂಚನೆಯ ಬಗ್ಗೆ ಅವರನ್ನೇ ಕೇಳಬೇಕು.

ಖರ್ಚಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಹಾಸಿಗೆಯನ್ನು ಪೂರ್ತಿ ಅಳೆಯುವವರು ಕಡಿಮೆ. ಬೋಧನಾ ಶುಲ್ಕ ಒಂದನ್ನೇ ನೋಡಿ ಕಾಲೇಜುಗಳನ್ನು ಹೋಲಿಸುವುದು ಸಾಮಾನ್ಯ ತಪ್ಪು. ಹಾಸ್ಟೆಲ್, ಊಟ, ಬಸ್ಸು, ಪರೀಕ್ಷಾ ಶುಲ್ಕ, ಪುಸ್ತಕ, ಕ್ಷೇತ್ರಕಾರ್ಯದ ಓಡಾಟ ಎಲ್ಲವನ್ನೂ ಕೂಡಿಸಬೇಕು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷಕ್ಕೆ ಶುಲ್ಕ 60,000 ರೂಪಾಯಿ ಎನ್ನೋಣ. ತಿಂಗಳಿಗೆ 6,000 ರೂಪಾಯಿಯಂತೆ 20 ತಿಂಗಳ ವಸತಿ ಮತ್ತು ಊಟಕ್ಕೆ 1,20,000 ಆಗುತ್ತದೆ. ಒಟ್ಟು 1,80,000. ಮನೆಯಿಂದಲೇ ಓಡಾಡಬಹುದಾದ ಖಾಸಗಿ ಕಾಲೇಜಿನಲ್ಲಿ ಶುಲ್ಕ 1,40,000, ಬಸ್ಸಿಗೆ 15,000 ಎಂದರೆ ಒಟ್ಟು 1,55,000. ಶುಲ್ಕ ಹೆಚ್ಚಿರುವ ಕಾಲೇಜೇ ಇಲ್ಲಿ ಅಗ್ಗ! ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಲೆಕ್ಕ ಮತ್ತೆ ತಲೆಕೆಳಗಾಗುತ್ತದೆ. ಆದ್ದರಿಂದ ಪ್ರತಿ ಮನೆಯೂ ತನ್ನ ಲೆಕ್ಕವನ್ನು ತಾನೇ ಹಾಕಬೇಕು.

ಸಾಲದ ಮಾತಿಗೆ ಬಂದರೆ, ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಓದು ಮುಗಿದ ಒಂದು ವರ್ಷದ ಬಳಿಕ ಕಂತು ಶುರುವಾಗುತ್ತದೆ. ಆದರೆ ಬಡ್ಡಿ ಆ ಮೊದಲೇ ಬೆಳೆಯತೊಡಗಿರುತ್ತದೆ. ಶೇ 10ರ ಬಡ್ಡಿಯಲ್ಲಿ 4 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 5,300 ರೂಪಾಯಿ. ಒಟ್ಟು ಕಟ್ಟುವುದು 6 ಲಕ್ಷ 34 ಸಾವಿರದ ಆಸುಪಾಸು. ಹೊಸದಾಗಿ ಕೆಲಸಕ್ಕೆ ಸೇರುವ ಆಪ್ತಸಮಾಲೋಚಕರಿಗೆ ಆ ಕಂತು ಹಗುರವೇನಲ್ಲ. ತಮ್ಮ ಊರಿನಲ್ಲಿ ಇಂಥ ಕೆಲಸಕ್ಕೆ ಆರಂಭದಲ್ಲಿ ಎಷ್ಟು ಸಂಬಳವಿದೆ ಎಂಬುದನ್ನು ಎರಡು ಮೂರು ಕಡೆ ವಿಚಾರಿಸಿ, ಕಂತು ಅದರ ಐದನೆಯ ಒಂದು ಪಾಲನ್ನು ಮೀರದಂತೆ ನೋಡಿಕೊಂಡರೆ ನೆಮ್ಮದಿ. ದೈವಶಾಸ್ತ್ರದ ಓದಿಗೆ ಬ್ಯಾಂಕು ಸಾಲ ಕೊಡುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ದೈವಶಾಸ್ತ್ರ ಕಾಲೇಜುಗಳಿಗೆ ಅನೇಕರನ್ನು ಅವರ ಸಭೆ ಅಥವಾ ಡಯಾಸಿಸ್ ಕಳುಹಿಸುತ್ತದೆ, ಖರ್ಚನ್ನೂ ವಹಿಸಿಕೊಳ್ಳುತ್ತದೆ. ಇದು ದೊಡ್ಡ ನೆರವು. ಆದರೆ ಓದಿನ ಬಳಿಕ ಎಷ್ಟು ವರ್ಷ, ಎಲ್ಲಿ ಸೇವೆ ಸಲ್ಲಿಸಬೇಕು, ನಡುವೆ ಬಿಟ್ಟರೆ ಹಣ ಹಿಂತಿರುಗಿಸಬೇಕೆ ಎಂಬುದು ಬರಹದಲ್ಲಿ ಇರಲಿ. ಉಳಿದ ಎರಡು ದಾರಿಗಳಲ್ಲಿ ಓದುವವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ನೆರವಿಗೆ ಅರ್ಜಿ ಹಾಕಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಕಾಲೇಜು ತೆರೆಯುವ ಮೊದಲೇ ಮಾಡಿಸಿಟ್ಟುಕೊಂಡರೆ ಕೊನೆಯ ಗಳಿಗೆಯ ಪರದಾಟ ತಪ್ಪುತ್ತದೆ.

ಪಾಠಪಟ್ಟಿಯಲ್ಲಿ ಏನಿರಬೇಕು?

ಎರಡು ಕಾಲೇಜುಗಳ ಖರ್ಚು ಒಂದೇ ಆಗಿದ್ದರೆ ಯಾವುದನ್ನು ಆರಿಸಬೇಕು? ಮೇಲ್ವಿಚಾರಣೆಯಲ್ಲಿ ಹೆಚ್ಚು ಗಂಟೆ ಅಭ್ಯಾಸ ಮಾಡಿಸುವುದನ್ನು. ಸೈಕಲ್ ಸವಾರಿಯ ಬಗ್ಗೆ ಓದಿದವರೆಲ್ಲ ಸೈಕಲ್ ಹೊಡೆಯಬಲ್ಲರೇ? ವಿದ್ಯಾರ್ಥಿ ಎಷ್ಟು ಜನರೊಡನೆ ಕುಳಿತು ಮಾತಾಡುತ್ತಾನೆ, ಅದನ್ನು ಯಾರು ತಿದ್ದುತ್ತಾರೆ, ಯಾವ ಆಸ್ಪತ್ರೆ ಅಥವಾ ಸಂಸ್ಥೆಗೆ ಕಳುಹಿಸುತ್ತಾರೆ ಎಂಬುದನ್ನು ಕೇಳಬೇಕು.

ಕಾನೂನಿನ ತಿಳಿವಳಿಕೆಯೂ ಪಾಠದಲ್ಲಿರಬೇಕು. ಹೇಳಿದ ಗುಟ್ಟನ್ನು ಕಾಪಾಡುವುದು ಈ ವೃತ್ತಿಯ ಧರ್ಮ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ‘ಮರ್ಯಾದೆ ಪ್ರಶ್ನೆ’ ಎಂದು ಮುಚ್ಚಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ತನ್ನ ಮಿತಿಯ ಅರಿವು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುವವರನ್ನು, ಸಾಯುವ ಮಾತಾಡುವವರನ್ನು ಪ್ರಾರ್ಥನೆ ಪೂಜೆಯಲ್ಲಿಯೇ ಉಳಿಸಿಕೊಳ್ಳದೆ ಮನೋವೈದ್ಯರ ಬಳಿಗೆ ತಲುಪಿಸಲು ಕಲಿಸದ ಪಾಠ, ಎಷ್ಟೇ ಅಗ್ಗವಾದರೂ ದುಬಾರಿಯೇ. ಅದರ ಬೆಲೆ ತೆರುವವರು ವಿದ್ಯಾರ್ಥಿಯಲ್ಲ, ಅವನನ್ನು ನಂಬಿ ಬಂದವರು.

ತನ್ನ ನಂಬಿಕೆಯನ್ನು ನೊಂದವರ ಮೇಲೆ ಹೇರದಿರುವ ಶಿಸ್ತೂ ಬೇಕು. ದುಃಖದಲ್ಲಿರುವವರು ದುರ್ಬಲರಾಗಿರುತ್ತಾರೆ. ಆ ಗಳಿಗೆಯನ್ನು ಮತಪ್ರಚಾರಕ್ಕೆ ಬಳಸುವುದು ಈ ವೃತ್ತಿಗೆ ದ್ರೋಹ ಬಗೆದಂತೆ.

ಕೆಲಸ ಎಲ್ಲಿದೆ?

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರಲ್ಲಿಯೇ ಆಪ್ತಸಮಾಲೋಚಕರ ಪ್ರಸ್ತಾಪವಿದೆ. ನೊಂದ ಮಹಿಳೆಯರಿಗಾಗಿ ಇರುವ ಸಾಂತ್ವನ ಕೇಂದ್ರಗಳು, ಜಿಲ್ಲಾ ಆಸ್ಪತ್ರೆಗಳ ಎಚ್‌ಐವಿ ಸಮಾಲೋಚನಾ ಕೇಂದ್ರಗಳು, ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳು, ವ್ಯಸನಮುಕ್ತಿ ಕೇಂದ್ರಗಳು, ಸಿಬಿಎಸ್‌ಇ ಶಾಲೆಗಳು ಇವೆಲ್ಲ ಕೆಲಸದ ತಾಣಗಳು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ, ಅಂದರೆ 14416, ಕನ್ನಡದಲ್ಲಿಯೂ ಸೇವೆ ನೀಡುತ್ತದೆ. ಇವುಗಳಲ್ಲಿ ಅನೇಕ ಹುದ್ದೆಗಳು ಗುತ್ತಿಗೆಯವು, ಸಂಬಳ ಮಿತವಾದದ್ದು ಎಂಬುದನ್ನು ಮರೆಮಾಚಬೇಕಿಲ್ಲ. ನೇಮಕಾತಿ ಪ್ರಕಟಣೆಗಳಲ್ಲಿ ಕೇಳುವುದು ಹೆಚ್ಚಾಗಿ ಮನಃಶಾಸ್ತ್ರ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನು. ದೈವಶಾಸ್ತ್ರ ಓದಿ ಹೊರಗಿನ ಕೆಲಸವನ್ನೂ ಬಯಸುವವರು ಈ ಎರಡರಲ್ಲಿ ಒಂದನ್ನು ಜೊತೆಗೂಡಿಸಿಕೊಳ್ಳುವುದು ಜಾಣತನ. ಕಳೆದ ಒಂದು ವರ್ಷದ ಹತ್ತಾರು ಪ್ರಕಟಣೆಗಳನ್ನು ಕತ್ತರಿಸಿಟ್ಟು ಓದಿದರೆ ಯಾವ ಪದವಿಗೆ ಬೇಡಿಕೆ ಇದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಪದವಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ? ಅದು ಯುಜಿಸಿ ಪಟ್ಟಿಯಲ್ಲಿದೆಯೇ?

2. ಈ ಪದವಿಯಿಂದ ಯಾವ ನೋಂದಣಿ ಅಥವಾ ಹುದ್ದೆಗೆ ಅರ್ಹತೆ ಬರುತ್ತದೆ? ಯಾವುದಕ್ಕೆ ಬರುವುದಿಲ್ಲ?

3. ಮೊದಲ ದಿನದಿಂದ ಪದವಿ ಪ್ರದಾನದವರೆಗೆ ಒಟ್ಟು ಖರ್ಚೆಷ್ಟು? ಎರಡನೆಯ ವರ್ಷ ಶುಲ್ಕ ಏರುತ್ತದೆಯೇ?

4. ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆಗಳ ಅಭ್ಯಾಸವಿದೆ? ಎಲ್ಲಿ?

5. ಪಾಠ ಮಾಡುವವರು ಈಗಲೂ ಸಮಾಲೋಚನೆಯ ಕೆಲಸದಲ್ಲಿ ಇದ್ದಾರೆಯೇ?

6. ಹಿಂದಿನ ಎರಡು ತಂಡಗಳ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರೊಡನೆ ಮಾತಾಡಬಹುದೇ?

7. ನಡುವೆ ಬಿಟ್ಟರೆ ಎಷ್ಟು ಹಣ ವಾಪಸು? ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುತ್ತದೆಯೇ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡಲು ಹಿಂಜರಿಯುವ ಕಾಲೇಜಿನಿಂದ ದೂರ ಉಳಿಯುವುದು ಕ್ಷೇಮ.

ಕೊನೆಯದಾಗಿ ಒಂದು ಮಾತು. ಶುಲ್ಕ ಕಟ್ಟುವ ಮೊದಲು ಮಗ ಅಥವಾ ಮಗಳು ಕೆಲವು ವಾರ ಒಂದು ವೃದ್ಧಾಶ್ರಮದಲ್ಲೋ ಆಸ್ಪತ್ರೆಯ ಸ್ವಯಂಸೇವಕರ ತಂಡದಲ್ಲೋ ದುಡಿದು ಬರಲಿ. ದಿನವಿಡೀ ಪರರ ಅಳು ಕೇಳಿಯೂ ಮರುದಿನ ಬೆಳಿಗ್ಗೆ ಮತ್ತೆ ಹೋಗಬೇಕೆಂದು ಅವರಿಗೆ ಅನಿಸಿದರೆ, ತಂದೆ ತಾಯಿ ಅನುಮಾನ ಬಿಟ್ಟು ಜೊತೆಗೆ ಕುಳಿತು ಲೆಕ್ಕ ಹಾಕಬಹುದು. ‘ನನ್ನಿಂದಾಗದು’ ಎಂದು ಅವರು ಹಿಂತಿರುಗಿದರೆ ಅದೂ ನಷ್ಟವಲ್ಲ. ಅಷ್ಟು ಬೇಗ, ಅಷ್ಟು ಕಡಿಮೆ ಖರ್ಚಿನಲ್ಲಿ ಅದು ತಿಳಿದದ್ದೇ ಲಾಭ.